ದ್ರೌಪದಿ ಕಪ್ಪಗಿದ್ದಳು ಕಣಪ್ಪಾ!



ನವೆಂಬರ್ ಬಂತೆಂದರೆ ಪ್ರಪಂಚದ ಯಾವ ಮೂಲೆಯಲ್ಲಿದ್ದರೂ ಕನ್ನಡಿಗರಿಗೆ ರಾಜ್ಯೋತ್ಸವದ ಸಡಗರ. ನಾನಿರುವ ಹೂಫ್‌ಡಾರ್ಪ್‌ನಲ್ಲಿ ಅದೇ ತಿಂಗಳು ಇನ್ನೊಂದು ಸಡಗರವೂ ಶುರುವಾಗುತ್ತದೆ. ಬಿಳಿ ಗಡ್ಡದ ಸಿಂಟರ್‌ಕ್ಲಾಸ್ ಸ್ಪೇನ್ ದೇಶದಿಂದ ಹಡಗಿನಲ್ಲಿ ಬಂದಿಳಿಯುತ್ತಾನೆ ಅನ್ನುವುದು ಇಲ್ಲಿನ ನಂಬಿಕೆ. ಅವನ ಜೊತೆಗೆ ಮಕ್ಕಳಿಗೆ ಸಿಹಿ ಹಂಚುತ್ತಾ, ಲಾಗ ಹಾಕುತ್ತಾ ಬರುವ ಸಹಾಯಕರ ಹೆಸರು ಪೀಟ್. ಡಿಸೆಂಬರ್ 5ರ ರಾತ್ರಿ ಮಕ್ಕಳಿಗೆ ಉಡುಗೊರೆ.

ನಾನು 2014ರಲ್ಲಿ ಕೆಲಸಕ್ಕೆಂದು ಇಲ್ಲಿಗೆ ಬಂದಾಗ ಈ ಪೀಟ್‌ಗಳನ್ನು ನೋಡಿ ಬೆಚ್ಚಿಬಿದ್ದಿದ್ದೆ. ಡಚ್ಚರೇ ಮುಖಕ್ಕೆಲ್ಲಾ ಕಪ್ಪು ಬಳಿದುಕೊಂಡು, ತುಟಿಗೆ ದಪ್ಪಗೆ ಕೆಂಪು ಹಚ್ಚಿ, ಗುಂಗುರು ಕೂದಲಿನ ವಿಗ್ ಹಾಕಿ, ಕಿವಿಗೆ ದೊಡ್ಡ ರಿಂಗ್ ತೊಟ್ಟು ಕುಣಿಯುತ್ತಿದ್ದರು. ಹೆಸರೇ ಜ್ವಾರ್ಟೆ ಪೀಟ್, ಅಂದರೆ ಕರಿಯ ಪೀಟ್. ಯಾನ್ ಸ್ಕೆಂಕ್‌ಮನ್ ಅನ್ನುವ ಶಾಲಾ ಮೇಷ್ಟ್ರು 1850ರಲ್ಲಿ ಬರೆದ ಮಕ್ಕಳ ಪುಸ್ತಕದಲ್ಲಿ ಸಿಂಟರ್‌ಕ್ಲಾಸ್‌ಗೆ ಒಬ್ಬ ಕಪ್ಪು ಆಳು ಇದ್ದ. ಆಗಿನ್ನೂ ಸುರಿನಾಮ್‌ನ ಡಚ್ ತೋಟಗಳಲ್ಲಿ ಗುಲಾಮಗಿರಿ ಇತ್ತು; ಅದು ರದ್ದಾಗಿದ್ದು 1863ರಲ್ಲಿ. ಆಫೀಸಿನ ಕ್ಯಾಂಟೀನ್‌ನಲ್ಲಿ ನಾನು ಸಹೋದ್ಯೋಗಿಗಳ ಜೊತೆ ದಿನಗಟ್ಟಲೆ ವಾದ ಮಾಡಿದ್ದೇನೆ. "ಇದು ಬರೀ ಕಥೆಯ ಪಾತ್ರ ಕಣಯ್ಯಾ, ಚಿಮಣಿಯಲ್ಲಿ ಇಳಿದು ಮಸಿ ಹತ್ತಿದೆ ಅಷ್ಟೆ" ಅಂತ ಅವರು. "ಮಸಿ ಹತ್ತಿದರೆ ಕೂದಲು ಗುಂಗುರಾಗುತ್ತಾ? ತುಟಿ ದಪ್ಪಗಾಗುತ್ತಾ?" ಅಂತ ನಾನು. ಗೆದ್ದೆ ಅಂದುಕೊಂಡು ಬೀಗುತ್ತಿದ್ದೆ.

ಆ ಬೀಗುವಿಕೆ ಇಳಿದಿದ್ದು ಕಳೆದ ವರ್ಷದ ನಮ್ಮ ರಾಜ್ಯೋತ್ಸವದಲ್ಲಿ. ಈ ಸಂಪಾದಕೀಯ ಅದರ ಬಗ್ಗೆ.

ನಮ್ಮೂರಿನ ಸ್ವಯಂವರ

ಹೂಫ್‌ಡಾರ್ಪ್ ಇರುವುದು 1852ರಲ್ಲಿ ನೀರು ಬಸಿದು ತೆಗೆದ ಒಂದು ದೊಡ್ಡ ಸರೋವರದ ತಳದಲ್ಲಿ. ಪಕ್ಕದಲ್ಲೇ ಸ್ಕಿಪೋಲ್ ವಿಮಾನ ನಿಲ್ದಾಣ. ಐಟಿ ಕೆಲಸಕ್ಕೆ ಬಂದ ಕನ್ನಡದ ಕುಟುಂಬಗಳು ಸುತ್ತಮುತ್ತ ಸಾಕಷ್ಟಿವೆ. ನಾವೊಂದಿಷ್ಟು ಜನ ಸೇರಿ ಒಂದು ಹಾಲ್ ಬಾಡಿಗೆಗೆ ಹಿಡಿದು, ಮಕ್ಕಳ ಕೈಲಿ "ದ್ರೌಪದಿ ಸ್ವಯಂವರ" ಮಾಡಿಸೋಣ ಅಂತ ತೀರ್ಮಾನ ಮಾಡಿದೆವು. ಇಪ್ಪತ್ತು ನಿಮಿಷದ ನಾಟಕ. ಬರೆದವನೂ ನಾನೇ, ಪಾತ್ರ ಹಂಚಿದವನೂ ನಾನೇ.

ಒಂಬತ್ತು ವರ್ಷದ ಒಬ್ಬ ಹುಡುಗಿ ಇದ್ದಳು. ಮನೆಯಲ್ಲಿ ಅಚ್ಚುಕಟ್ಟಾಗಿ ಕನ್ನಡ ಮಾತಾಡುವವಳು. ಅಕಾರ ಹಕಾರ ಎಲ್ಲೂ ತಪ್ಪುವುದಿಲ್ಲ. ಇಡೀ ನಾಟಕ ಮೂರೇ ದಿನಕ್ಕೆ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. "ನಾನು ದ್ರೌಪದಿ ಆಗ್ತೀನಿ ಅಂಕಲ್" ಅಂತ ಕೇಳಿದಳು. ನಾನು ಅವಳನ್ನು ಸಖಿ ಮಾಡಿದೆ. ದ್ರೌಪದಿ ಪಾತ್ರವನ್ನು ಇನ್ನೊಬ್ಬ ಹುಡುಗಿಗೆ ಕೊಟ್ಟೆ. ಆ ಮಗುವಿಗೆ ಕನ್ನಡ ಸರಿಯಾಗಿ ಬಾರದು, ಅದು ಅದರ ತಪ್ಪೂ ಅಲ್ಲ. ಆದರೆ ಬೆಳ್ಳಗೆ, ಗೊಂಬೆಯ ಹಾಗಿದ್ದಳು. ಮೊದಲನೆಯವಳು ಕಪ್ಪಗಿದ್ದಳು. ಇದೇ ಕಾರಣ, ಬೇರೆ ಯಾವ ಕಾರಣವೂ ಇರಲಿಲ್ಲ. ಅವಳ ತಾಯಿ ಕೇಳಿದಾಗ ನಾನು ಹೇಳಿದ್ದು: "ಸ್ಟೇಜ್ ಲೈಟಿಗೆ ಮುಖ ಎದ್ದು ಕಾಣಬೇಕಲ್ಲ, ಅದಕ್ಕೇ." ಆಕೆ "ಪರವಾಗಿಲ್ಲ ಬಿಡಿ" ಅಂದರು.

ಇಷ್ಟಕ್ಕೇ ಮುಗಿಯಲಿಲ್ಲ. ಪ್ರಾಕ್ಟೀಸ್‌ನಲ್ಲಿ ನಮ್ಮ ದ್ರೌಪದಿಗೆ ಮಾತು ಹೊರಡಲಿಲ್ಲ. ನಾನೇನು ಮಾಡಿದೆ ಗೊತ್ತೇ? ಸಖಿಯ ಕೈಗೆ ಮೈಕ್ ಕೊಟ್ಟು ಪರದೆಯ ಹಿಂದೆ ನಿಲ್ಲಿಸಿದೆ. ವೇದಿಕೆ ಮೇಲೆ ಬೆಳ್ಳಗಿನ ಹುಡುಗಿ ತುಟಿ ಆಡಿಸುವುದು, ಪರದೆಯ ಹಿಂದೆ ಕಪ್ಪಗಿನ ಹುಡುಗಿ ಮಾತಾಡುವುದು. "ಸೂಪರ್ ಐಡಿಯಾ" ಅಂತ ಗೆಳೆಯರು ಬೆನ್ನು ತಟ್ಟಿದರು. ನಾವು ವರ್ಷಾನುಗಟ್ಟಲೆ ಯಾವುದನ್ನು ಬೈದುಕೊಂಡು ಬಂದಿದ್ದೇವೋ, ಆ ಗಾಂಧಿನಗರದ ಡಬ್ಬಿಂಗ್ ಹೀರೋಯಿನ್ ಫಾರ್ಮುಲಾವನ್ನು ನಾನು ಹೂಫ್‌ಡಾರ್ಪ್‌ನಲ್ಲಿ, ಒಂಬತ್ತು ವರ್ಷದ ಮಕ್ಕಳ ಮೇಲೆ ಪ್ರಯೋಗ ಮಾಡಿದ್ದೆ.

ಆ ಹುಡುಗಿಯ ಅಜ್ಜಿ ಹಾಸನದ ಕಡೆಯಿಂದ ಮಗಳ ಮನೆಗೆ ಬಂದಿದ್ದರು. ಮೂಲೆಯ ಕುರ್ಚಿಯಲ್ಲಿ ಸ್ವೆಟರ್ ಹಾಕಿಕೊಂಡು ಕೂತು ಪ್ರಾಕ್ಟೀಸ್ ನೋಡುತ್ತಿದ್ದರು. ಮನೆಗೆ ಹೊರಡುವಾಗ ನನ್ನ ಹತ್ತಿರ ಬಂದು ಮೆತ್ತಗೆ ಹೇಳಿದರು: "ತಪ್ಪು ತಿಳ್ಕೋಬೇಡಪ್ಪಾ. ದ್ರೌಪದಿ ಕಪ್ಪಗಿದ್ದಳು ಕಣಪ್ಪಾ. ಅದಕ್ಕೇ ಅವಳಿಗೆ ಕೃಷ್ಣೆ ಅಂತ ಹೆಸರು."

ನನಗೆ ಉತ್ತರ ಹೊಳೆಯಲಿಲ್ಲ. ಪಾತ್ರವನ್ನೂ ಬದಲಾಯಿಸಲಿಲ್ಲ. ಆಗಲೇ ಕರಪತ್ರ ಪ್ರಿಂಟಾಗಿತ್ತು, ಒಡವೆ ಸೀರೆ ಎಲ್ಲಾ ಅಳತೆ ಮಾಡಿ ಆಗಿತ್ತು ಅಂತ ನೆಪ ಹೇಳಿಕೊಂಡೆ. ನಾಟಕ ಆಯಿತು, ಚಪ್ಪಾಳೆ ಬಿತ್ತು. ಪರದೆಯ ಹಿಂದಿದ್ದವಳಿಗೆ ಬಿದ್ದ ಚಪ್ಪಾಳೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಕಥೆಯಲ್ಲಿದ್ದ ಕಪ್ಪು ತೆರೆಗೆ ಬರುವಾಗ ಎಲ್ಲಿ ಹೋಯಿತು?

ಅಜ್ಜಿ ಹೇಳಿದ್ದು ಅಕ್ಷರಶಃ ನಿಜ. ಯಜ್ಞಕುಂಡದಿಂದ ಎದ್ದು ಬಂದ ದ್ರೌಪದಿಯನ್ನು ಮಹಾಭಾರತ ಶ್ಯಾಮಲ ವರ್ಣದವಳು ಅಂತಲೇ ಬಣ್ಣಿಸುತ್ತದೆ. ಕೃಷ್ಣೆ ಅನ್ನುವುದು ಆ ಬಣ್ಣದಿಂದಲೇ ಬಂದ ಹೆಸರು. ಆ ಕಾವ್ಯ ಬರೆದ ವ್ಯಾಸರು ಕೃಷ್ಣ ದ್ವೈಪಾಯನ, ಅಂದರೆ ದ್ವೀಪದಲ್ಲಿ ಹುಟ್ಟಿದ ಕಪ್ಪು ಮನುಷ್ಯ. ಯಾದವ ಕೃಷ್ಣನ ವಿಷಯ ಹೇಳಬೇಕಾಗಿಯೇ ಇಲ್ಲ. ಅರ್ಜುನನ ಹತ್ತು ಹೆಸರುಗಳಲ್ಲಿ ಕೃಷ್ಣ ಅನ್ನುವುದೂ ಒಂದು. ರಾಮನನ್ನು ನಮ್ಮಜ್ಜಿಯರು ನೀಲಮೇಘಶ್ಯಾಮ ಅಂತ ಕೂಗಿ ಕರೆದರು. ಬರೆದವನು ಕಪ್ಪು, ನಾಯಕಿ ಕಪ್ಪು, ನಾಯಕನ ಸಾರಥಿ ಕಪ್ಪು. ಇಷ್ಟು ಕಪ್ಪು ತುಂಬಿದ ಕಥೆಯನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದ ಜನ ನಾವು.

ಹಾಗಾದರೆ ಈ ಬಣ್ಣ ಕಳೆದುಹೋಗಿದ್ದು ಎಲ್ಲಿ? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ರವಿವರ್ಮನ ಅಚ್ಚಿನ ಚಿತ್ರಗಳು ಮನೆಮನೆಯ ಗೋಡೆಗೆ ಬಂದವು. ಅಲ್ಲಿಂದ ಕ್ಯಾಲೆಂಡರ್, ಬೆಂಕಿಪೊಟ್ಟಣ, ಆಮೇಲೆ ಸಿನಿಮಾ. ದೇವಿಯರೆಲ್ಲಾ ಬೆಳ್ಳಗಾದರು, ಕೃಷ್ಣ ನೀಲಿಯಾದ. ಕಪ್ಪು ಅಂತ ಒಪ್ಪಿಕೊಳ್ಳಲು ನಾಚಿಕೆಯಾಗಿ ನೀಲಿ ಬಳಿದೆವೇನೋ ಅಂತ ಒಮ್ಮೊಮ್ಮೆ ನನಗೆ ಅನಿಸುತ್ತದೆ. 2019ರಲ್ಲಿ ಬಂದ ಕನ್ನಡದ ಭಾರೀ ವೆಚ್ಚದ "ಕುರುಕ್ಷೇತ್ರ"ವನ್ನೇ ನೋಡಿ. ದರ್ಶನ್ ದುರ್ಯೋಧನ, ರವಿಚಂದ್ರನ್ ಕೃಷ್ಣ, ಪಂಜಾಬಿನ ಸೋನು ಸೂದ್ ಅರ್ಜುನ, ತಮಿಳಿನಲ್ಲಿ ಹೆಸರು ಮಾಡಿದ ಸ್ನೇಹಾ ದ್ರೌಪದಿ. ಕಲಾವಿದರ ಬಗ್ಗೆ ನನ್ನ ತಕರಾರಿಲ್ಲ, ಅವರವರ ಕೆಲಸ ಅವರು ಮಾಡಿದ್ದಾರೆ. ನನ್ನ ಪ್ರಶ್ನೆ ಇಷ್ಟೇ: ಪಾತ್ರದ ಹೆಸರೇ "ಕಪ್ಪಗಿನವಳು" ಅಂತಿರುವಾಗ ಕಪ್ಪಗಿನವಳೊಬ್ಬಳನ್ನು ಹುಡುಕೋಣ ಅಂತ ಯಾರಿಗಾದರೂ ಹೊಳೆಯಿತೇ? ನೋಡಿದ ನಮಗಾದರೂ ಹೊಳೆಯಿತೇ? ನಾನೂ ಆ ಸಿನಿಮಾ ನೋಡಿದ್ದೇನೆ. ನನಗೆ ಹೊಳೆದಿರಲಿಲ್ಲ.

ಗಂಡಸರ ವಿಷಯಕ್ಕೆ ಬಂದರೆ ಲೆಕ್ಕ ಬೇರೆ. 2003ರಲ್ಲಿ "ಕರಿಯ" ಅನ್ನುವ ಹೆಸರಿನ ಸಿನಿಮಾನೇ ಬಂತು. 2007ರಲ್ಲಿ ಸೂರಿ ನಿರ್ದೇಶನದ "ದುನಿಯಾ" ಬಂದಾಗ ವಿಜಯ್ ಅವರ ಕಪ್ಪು ಮೈಬಣ್ಣವನ್ನು ಜನ ಹೊತ್ತು ಮೆರೆಸಿದರು. ಬ್ಲಾಕ್ ಕೋಬ್ರಾ ಅಂತ ಬಿರುದು ಕೊಟ್ಟರು, "ಕರಿ ಚಿರತೆ" ಅಂತ ಇನ್ನೊಂದು ಸಿನಿಮಾ ಬಂತು. ಬಹಳ ಸಂತೋಷ. ಆದರೆ ಕಪ್ಪು ಹುಡುಗನಿಗೆ ಸಿಕ್ಕಿದ ಈ ಬಿರುದು ಬಾವಲಿ ಕಪ್ಪು ಹುಡುಗಿಗೆ ಯಾವಾಗ? ಗಂಡಸಿನ ಕಪ್ಪು ಗತ್ತು, ಹೆಂಗಸಿನ ಕಪ್ಪು ಕೊರತೆ. ಮದುವೆ ಜಾಹೀರಾತಿನಲ್ಲಿ ಇರುವ ಲೆಕ್ಕವೇ ಪಾತ್ರ ಹಂಚಿಕೆಯಲ್ಲೂ ಇದೆ.

ಇನ್ನೊಂದು ಸೂಕ್ಷ್ಮ ನೋಡಿ. ಕವಿತಾ ಲಂಕೇಶ್ ಅವರ "ದೇವೀರಿ" 1999ರಲ್ಲಿ ಬಂತು. ಲಂಕೇಶರ "ಅಕ್ಕ" ಅದಕ್ಕೆ ಆಧಾರ. ಕೊಳೆಗೇರಿಯ ಹೆಣ್ಣು ದೇವೀರಿಯಾಗಿ ನಂದಿತಾ ದಾಸ್ ಅಭಿನಯಿಸಿದರು, ಮನಸ್ಸಿಗೆ ನಾಟುವ ಅಭಿನಯ. ಮುಂದೆ ಇದೇ ನಂದಿತಾ ದಾಸ್ ಕಪ್ಪು ಬಣ್ಣದ ಬಗೆಗಿನ ಅಸಡ್ಡೆಯ ವಿರುದ್ಧದ ಆಂದೋಲನಕ್ಕೆ ಮುಖವಾದರು. ಓದಿದ, ಸಿರಿವಂತ ಮನೆಯ ಹೆಣ್ಣಿನ ಪಾತ್ರ ಬಂದಾಗಲೆಲ್ಲಾ ಬಣ್ಣ ಸ್ವಲ್ಪ ತಿಳಿ ಮಾಡಿಕೊಳ್ಳಿ ಅನ್ನುತ್ತಾರೆ ಅಂತ ಅವರು ಬಹಿರಂಗವಾಗಿಯೇ ಹೇಳಿಕೊಂಡಿದ್ದಾರೆ. ಬಡವಿಯಾದರೆ ಕಪ್ಪು ಆಗಬಹುದು, ರಾಣಿಯಾದರೆ ಆಗದು. ಹೀಗೆ ಬಣ್ಣಕ್ಕೆ ಅಂತಸ್ತು ಕಟ್ಟಿದವರು ನಾವೇ.

ಕನ್ನಡತಿ ಬೇಕು ಅಂದರೆ ನಮಗೆ ಬೇಕಾದ್ದೇನು?

ಕನ್ನಡಪರವಾಗಿ ದನಿ ಎತ್ತುವ ನಾವೆಲ್ಲಾ "ಕನ್ನಡ ಸಿನಿಮಾಗಳಲ್ಲಿ ಕನ್ನಡತಿಯರಿಗೆ ಅವಕಾಶ ಕೊಡಿ" ಅಂತ ಎಷ್ಟೋ ಸಲ ಬರೆದಿದ್ದೇವೆ. ನಾನೂ ಬರೆದಿದ್ದೇನೆ. ಈ ಬೇಡಿಕೆ ನ್ಯಾಯವಾದದ್ದೇ. ಆದರೆ ಅದನ್ನು ಪೂರ್ತಿಯಾಗಿ ಬಿಡಿಸಿ ನೋಡಿಲ್ಲ.

ನಮ್ಮ ವಾದಕ್ಕೆ ತಕ್ಷಣ ಒಂದು ಎದುರುವಾದ ಬರುತ್ತದೆ. ಮುಳಬಾಗಿಲು ಸೀಮೆಯ ಸೌಂದರ್ಯ ತೆಲುಗಿನಲ್ಲಿ ಮೆರೆದಾಗ ನಾವು ಎದೆಯುಬ್ಬಿಸಿದೆವು. ಮಂಗಳೂರಿನ ಅನುಷ್ಕಾ ಶೆಟ್ಟಿ ಅಲ್ಲಿ ಮಹಾರಾಣಿಯಾದಾಗಲೂ ಅಷ್ಟೇ. ಹಾಗಿರುವಾಗ ಬೇರೆಯವರು ಇಲ್ಲಿಗೆ ಬಂದರೆ ತಪ್ಪೇನು? ತಪ್ಪಿಲ್ಲ. 2006ರ ಕೊನೆಯಲ್ಲಿ ಬಂದ "ಮುಂಗಾರು ಮಳೆ"ಯಲ್ಲಿ ಮಡಿಕೇರಿಯ ಕರ್ನಲ್ ಮಗಳು ನಂದಿನಿಯಾಗಿ ನಟಿಸಿದವರು ಉತ್ತರ ಪ್ರದೇಶದ ಮೀರತ್ ಮೂಲದ ಪೂಜಾ ಗಾಂಧಿ. ಆಕೆ ಇಲ್ಲೇ ನೆಲೆ ನಿಂತು, ಕನ್ನಡ ಓದಲು ಬರೆಯಲು ಕಲಿತು, 2023ರಲ್ಲಿ ಕುವೆಂಪು ಅವರ ಮಂತ್ರ ಮಾಂಗಲ್ಯದ ರೀತಿಯಲ್ಲಿ ಮದುವೆಯಾದರು. ಆಕೆಯನ್ನು ಹೊರಗಿನವರು ಅನ್ನಲು ನನಗಂತೂ ಬಾಯಿ ಬರುವುದಿಲ್ಲ. ಎಲ್ಲಿಂದಲೋ ಬಂದು ಡಚ್ ಭಾಷೆ ಕಲಿತು ಇಲ್ಲಿ ಬಾಳುತ್ತಿರುವ ನಾವು ಹಾಗೆ ಅಂದರೆ ನಗೆಪಾಟಲು.

ಹಾಗಾಗಿ ಮುಖ್ಯ ಪ್ರಶ್ನೆ ಬಂದವರದ್ದಲ್ಲ, ಬರಲಾಗದವರದ್ದು. ನಿರ್ಮಾಪಕರು ಮುಂಬೈಗೆ ಯಾಕೆ ಹೋಗುತ್ತಾರೆ? ನಟನೆ ಬರುವ ಹೆಣ್ಣುಮಕ್ಕಳು ಕರ್ನಾಟಕದಲ್ಲಿ ಇಲ್ಲವೇ? ನೀನಾಸಂ, ರಂಗಾಯಣಗಳಿಂದ ವರ್ಷ ವರ್ಷವೂ ತರಬೇತಾದವರು ಹೊರಬರುತ್ತಾರೆ. ಅಲ್ಲಿ ಹುಡುಕದೆ ಸಾವಿರ ಕಿಲೋಮೀಟರ್ ಆಚೆ ಹುಡುಕುತ್ತಾರೆ ಅಂದರೆ, ಹುಡುಕುತ್ತಿರುವುದು ನಟನೆಯನ್ನಲ್ಲ, ಭಾಷೆಯನ್ನಂತೂ ಅಲ್ಲ. ಉಳಿದದ್ದು ಬಣ್ಣವೇ. ಆಗ ನಮ್ಮ "ಕನ್ನಡತಿಗೆ ಅವಕಾಶ" ಅನ್ನುವ ಕೂಗಿಗೆ ಅವರು ಬೆಳ್ಳಗಿನ ಕನ್ನಡತಿಯೊಬ್ಬಳನ್ನು ತಂದು ನಿಲ್ಲಿಸಿದರೆ ನಮ್ಮ ಹೋರಾಟ ಮುಗಿಯಿತೇ? ರಾಯಚೂರಿನ, ಚಾಮರಾಜನಗರದ, ಕೋಲಾರದ ಬಿಸಿಲಲ್ಲಿ ಬೆಳೆದ ಕಪ್ಪು ಕನ್ನಡತಿ ಆಗಲೂ ಪರದೆಯ ಹಿಂದೆಯೇ ಇರುತ್ತಾಳೆ. ಅವಳೂ ಕನ್ನಡತಿಯೇ ತಾನೇ?

ಉತ್ತರ ಕನ್ನಡದ ಸಿದ್ದಿಗಳನ್ನು ನೆನಪಿಸಿಕೊಳ್ಳಿ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡಿನ ಅಂಚಿನಲ್ಲಿ ತಲೆಮಾರುಗಳಿಂದ ಬಾಳುತ್ತಿರುವ, ಆಫ್ರಿಕಾ ಮೂಲದ ನಮ್ಮದೇ ಜನ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿನ ಸದಸ್ಯರಾದರು. ರಂಗಭೂಮಿ ಇವರನ್ನು ಸಿನಿಮಾಕ್ಕಿಂತ ಎಷ್ಟೋ ಮೊದಲು ಗುರುತಿಸಿತ್ತು. 1980ರ ದಶಕದಲ್ಲೇ ನೀನಾಸಂ ಬಳಗ ಮಂಚಿಕೇರಿಯ ಸಿದ್ದಿಗಳ ಜೊತೆ ಸೇರಿ, ಚಿನುವಾ ಅಚಿಬೆಯ ಆಫ್ರಿಕನ್ ಕಾದಂಬರಿಯನ್ನು "ಕಪ್ಪು ಜನ ಕಪ್ಪು ನೆರಳು" ಅಂತ ಕನ್ನಡದ ನಾಟಕ ಮಾಡಿತು. ಚಿದಂಬರರಾವ್ ಜಂಬೆ ಅದರ ನಿರ್ದೇಶಕರು. ಸಿನಿಮಾದಲ್ಲಿ ಪ್ರಶಾಂತ್ ಸಿದ್ದಿ ಅವರನ್ನು ನೀವೆಲ್ಲಾ ನೋಡಿರುತ್ತೀರಿ. 2021ರ "ಸಲಗ"ದಲ್ಲಿ ಸಿದ್ದಿ ಕಲಾವಿದರ ಹಾಡು ಊರೆಲ್ಲಾ ಕುಣಿಸಿತು. ಆದರೆ ಸಿದ್ದಿ ಹುಡುಗಿಯೊಬ್ಬಳು ನಾಯಕಿಯಾಗಿರುವ ದೊಡ್ಡ ಬಜೆಟ್ಟಿನ ಕನ್ನಡ ಸಿನಿಮಾ ಒಂದರ ಹೆಸರು ಹೇಳಿ ಅಂದರೆ ನನಗೆ ಒಂದೂ ನೆನಪಾಗುತ್ತಿಲ್ಲ. ಹಾಡಿಗೆ ಬೇಕು, ಕಾಮಿಡಿಗೆ ಬೇಕು, ಕಥೆಗೆ ಬೇಡ.

ನಟನೆ ಅಂದ ಮೇಲೆ ಬಣ್ಣ ಹಚ್ಚಬಾರದೇ?

ಇದನ್ನು ಗೆಳೆಯರೊಬ್ಬರ ಬಳಿ ಹೇಳಿದಾಗ ಅವರು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. "ಹಾಗಾದರೆ ಕಪ್ಪು ಪಾತ್ರವನ್ನು ಕಪ್ಪಗಿನವರೇ, ಬೆಳ್ಳಗಿನ ಪಾತ್ರವನ್ನು ಬೆಳ್ಳಗಿನವರೇ ಮಾಡಬೇಕಾ? ನಟನೆ ಅಂದರೆ ಇನ್ನೊಬ್ಬರಾಗೋದು ತಾನೇ? ಯಕ್ಷಗಾನದಲ್ಲಿ ಮುಖಕ್ಕೆ ಬಣ್ಣ ಬಳಿಯೋದಿಲ್ವಾ?"

ಯಕ್ಷಗಾನದ ಬಣ್ಣದ ವೇಷ ಬೇರೆಯೇ ವಿಷಯ. ಚುಟ್ಟಿ ಇಟ್ಟು, ಕೆಂಪು ಕಪ್ಪು ಬಿಳಿ ಬರೆದು ಮಾಡುವ ಆ ರಕ್ಕಸನ ಮುಖ ಭೂಮಿಯ ಮೇಲಿನ ಯಾವ ಜನರ ಮುಖವೂ ಅಲ್ಲ. ಅದನ್ನು ನೋಡಿ ಯಾರೂ "ನನ್ನ ಮುಖವನ್ನು ಅಣಕಿಸಿದರು" ಅಂತ ಮನೆಗೆ ಹೋಗಿ ಅಳುವುದಿಲ್ಲ. ಆದರೆ 1983ರ ಹಿಂದಿ ಸಿನಿಮಾ "ರಜಿಯಾ ಸುಲ್ತಾನ್"ನಲ್ಲಿ ಧರ್ಮೇಂದ್ರ ಆಫ್ರಿಕಾ ಮೂಲದ ಯಾಕೂತ್ ಆಗಲು ಮುಖಕ್ಕೆ ಕಪ್ಪು ಬಳಿದುಕೊಂಡರು. 2019ರ "ಬಾಲಾ"ದಲ್ಲಿ ಕಪ್ಪು ಹುಡುಗಿಯರಿಗಾಗುವ ಅವಮಾನದ ಕಥೆ ಹೇಳಲು ಬೆಳ್ಳಗಿನ ನಟಿಯ ಮುಖಕ್ಕೆ ಕಪ್ಪು ಹಚ್ಚಿದರು. ಅವಮಾನದ ಕಥೆ ಕಪ್ಪಗಿನವಳದ್ದು, ಅದರ ಸಂಬಳ ಬೆಳ್ಳಗಿನವಳದ್ದು!

ಇನ್ನೊಂದು ಕಡೆ ಪೀಟರ್ ಬ್ರೂಕ್ ಅವರ "ಮಹಾಭಾರತ" ಇದೆ. 1985ರಲ್ಲಿ ನಾಟಕವಾಗಿ, 1989ರಲ್ಲಿ ಸಿನಿಮಾ ಆಗಿ ಬಂತು. ಸೆನೆಗಲ್‌ನ ಕಪ್ಪು ನಟ ಭೀಮ, ಪೋಲೆಂಡಿನವರು ಧರ್ಮರಾಯ, ನಮ್ಮ ಮಲ್ಲಿಕಾ ಸಾರಾಭಾಯ್ ದ್ರೌಪದಿ. ಅಲ್ಲಿ ಯಾರೂ ಯಾರ ಬಣ್ಣವನ್ನೂ ಬಳಿದುಕೊಳ್ಳಲಿಲ್ಲ. ಬಾಗಿಲು ಎಲ್ಲರಿಗೂ ತೆರೆದಿತ್ತು. ಆ ಪ್ರಯೋಗದ ಬಗ್ಗೆ ಬೇರೆ ಟೀಕೆಗಳಿವೆ, ಇರಲಿ. ಆದರೆ ಪಾತ್ರಕ್ಕೂ ಮೈಬಣ್ಣಕ್ಕೂ ಗಂಟು ಹಾಕಲೇಬೇಕಿಲ್ಲ ಅನ್ನುವುದನ್ನು ಅದು ತೋರಿಸಿತು.

ಹಾಗಾಗಿ ನನ್ನ ಉತ್ತರ ಇಷ್ಟು. ರಕ್ತ ಪರೀಕ್ಷೆ ಮಾಡಿ ಪಾತ್ರ ಹಂಚುವ ಕಾನೂನು ಯಾರಿಗೂ ಬೇಡ. ಯಾರು ಯಾವ ಪಾತ್ರವನ್ನಾದರೂ ಮಾಡಲಿ. ಆದರೆ ಬಾಗಿಲು ಎರಡೂ ಕಡೆಗೆ ತೆರೆಯುತ್ತಿದೆಯೇ ಅಂತ ನೋಡಬೇಕು. ಬೆಳ್ಳಗಿನವಳು ಕೃಷ್ಣೆ ಆಗಬಹುದು ಅನ್ನುವುದಾದರೆ ಕಪ್ಪಗಿನವಳು ಲಕ್ಷ್ಮಿ ಆಗಬಹುದೇ? ರಾಜಕುಮಾರಿ ಆಗಬಹುದೇ? ಹೌದು ಅನ್ನುವ ದಿನ ಬಂದರೆ ಈ ಚರ್ಚೆಯೇ ಬೇಕಾಗಿಲ್ಲ. ಬರೀ ಒಂದೇ ಕಡೆಗೆ ತೆರೆಯುವ ಬಾಗಿಲಿಗೆ "ನಟನಾ ಸ್ವಾತಂತ್ರ್ಯ" ಅಂತ ಹೆಸರಿಟ್ಟು ಕೂರುವುದು ಬೇಡ.

ಪೀಟ್ ಬದಲಾದ, ನಾವು?

ಡಚ್ಚರ ಕಥೆಗೆ ವಾಪಸ್ ಬರುತ್ತೇನೆ. 2011ರಲ್ಲಿ "ಕರಿಯ ಪೀಟ್ ಅನ್ನುವುದು ಜನಾಂಗ ದ್ವೇಷ" ಅಂತ ಬರೆದ ಟೀ ಶರ್ಟ್ ತೊಟ್ಟು ನಿಂತಿದ್ದಕ್ಕೆ ಕ್ವಿನ್ಸಿ ಗಾರಿಯೋ ಅನ್ನುವ ಕಲಾವಿದರನ್ನು ಡೋರ್ಡ್ರೆಕ್ಟ್ ಊರಿನಲ್ಲಿ ಪೊಲೀಸರು ಎಳೆದೊಯ್ದಿದ್ದರು. 2019ರ ಹೊತ್ತಿಗೆ ಮಕ್ಕಳೆಲ್ಲಾ ನೋಡುವ ಟೀವಿಯ ಸಿಂಟರ್‌ಕ್ಲಾಸ್ ವಾರ್ತೆಯಲ್ಲಿ ಪೂರ್ತಿ ಕಪ್ಪು ಬಳಿದ ಪೀಟ್ ಇರಲೇ ಇಲ್ಲ, ಕೆನ್ನೆಗೆ ಒಂದೆರಡು ಮಸಿ ಗೆರೆಗಳಷ್ಟೇ. ಮೊದಲು ಪೀಟ್ ಕರಿಯನೇ, ಅದನ್ನು ನಾನೇನು ಮಾಡಲಿ ಅನ್ನುತ್ತಿದ್ದ ಪ್ರಧಾನಿ ಮಾರ್ಕ್ ರುಟ್ಟೆ, ತಮ್ಮ ಅಭಿಪ್ರಾಯ ಬದಲಾಗಿದೆ ಅಂತ 2020ರಲ್ಲಿ ಸಂಸತ್ತಿನಲ್ಲೇ ಹೇಳಿದರು. ಅದಕ್ಕೊಂದು ಕಾನೂನು ಬೇಕಾಗಲಿಲ್ಲ. ಕಪ್ಪು ಮಕ್ಕಳು ಶಾಲೆಯಲ್ಲಿ ಏನು ಅನುಭವಿಸುತ್ತಿದ್ದಾರೆ ಅನ್ನುವುದನ್ನು ಕೇಳಿಸಿಕೊಂಡೆ ಅಂತ ಅವರು ಕಾರಣ ಕೊಟ್ಟರು. ಹಬ್ಬವೇನೂ ನಿಂತುಹೋಗಲಿಲ್ಲ. ಮಕ್ಕಳು ಈಗಲೂ ಅಷ್ಟೇ ಖುಷಿಯಿಂದ ಸಿಹಿ ಆರಿಸಿಕೊಳ್ಳುತ್ತಾರೆ.

ನಾವೂ ಕೇಳಿಸಿಕೊಳ್ಳಬಹುದಲ್ಲವೇ? ಗಾಂಧಿನಗರ ಬದಲಾಗುವವರೆಗೆ ಕಾಯಬೇಕಿಲ್ಲ. ಹೊರದೇಶಗಳಲ್ಲಿರುವ ನಮ್ಮ ಕನ್ನಡ ಕೂಟಗಳಲ್ಲಿ ಪ್ರತಿ ವರ್ಷವೂ ಮಕ್ಕಳ ನಾಟಕ, ನೃತ್ಯರೂಪಕ ನಡೆಯುತ್ತದೆ. ಪಾತ್ರ ಹಂಚುವಾಗ ಮೊದಲು ಕಣ್ಣು ಮುಚ್ಚಿಕೊಂಡು ಮಕ್ಕಳ ಮಾತು ಕೇಳೋಣ. ಭುವನೇಶ್ವರಿಯ ವೇಷ ಯಾವಾಗಲೂ ಬೆಳ್ಳಗಿನ ಮಗುವಿಗೇ ಯಾಕೆ ಅಂತ ನಮ್ಮನ್ನೇ ಕೇಳಿಕೊಳ್ಳೋಣ. ರಕ್ಕಸನ ಪಾತ್ರಕ್ಕೆ "ಇವನಿಗೆ ಮೇಕಪ್ಪೇ ಬೇಡ" ಅಂತ ನಗೆಯಾಡುವುದನ್ನು ಇವತ್ತೇ ನಿಲ್ಲಿಸೋಣ. ಕನ್ನಡ ಸಿನಿಮಾಗಳನ್ನು ಇಲ್ಲಿಗೆ ತರಿಸಿ ಪ್ರದರ್ಶನ ಮಾಡುವವರು ನಾವು, ಟಿಕೆಟ್ ಕೊಳ್ಳುವವರೂ ನಾವು. ಸಿನಿಮಾ ತಂಡದವರು ಪ್ರಚಾರಕ್ಕೆ ಬಂದಾಗ ಸೆಲ್ಫಿಯ ಜೊತೆಗೆ ಈ ಪ್ರಶ್ನೆಯನ್ನೂ ಕೇಳೋಣ. ಡಚ್ಚರಿಗೆ ಬುದ್ಧಿ ಹೇಳುವಷ್ಟು ಇಂಗ್ಲಿಷ್ ಬರುವ ನಮಗೆ ನಮ್ಮವರನ್ನು ಕೇಳುವಷ್ಟು ಕನ್ನಡ ಖಂಡಿತ ಬರುತ್ತದೆ.

ಈ ವರ್ಷ ನಾಟಕ ಮಾಡಿಸುವ ಜವಾಬ್ದಾರಿ ಮತ್ತೆ ನನ್ನದೇ. ಹೋದ ವಾರ ಆ ಹುಡುಗಿಯ ಮನೆಗೆ ಹೋಗಿದ್ದೆ. ಕ್ಷಮೆ ಕೇಳಿದೆ, ಮೊದಲು ಮಗುವಿನ ಹತ್ತಿರ, ಆಮೇಲೆ ತಾಯಿಯ ಹತ್ತಿರ. ಅಜ್ಜಿ ಊರಿಗೆ ವಾಪಸ್ ಹೋಗಿದ್ದರು, ಫೋನಿನಲ್ಲಿ ಸಿಕ್ಕರು. "ಆಯ್ತು ಬಿಡಪ್ಪಾ, ಈ ಸಲ ಏನ್ ನಾಟಕ?" ಅಂತಷ್ಟೇ ಕೇಳಿದರು. ಮುಖ್ಯ ಪಾತ್ರ ನೀನೇ ಮಾಡಬೇಕು ಅಂತ ಮಗುವನ್ನು ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಯೋಚನೆ ಮಾಡಿ ಹೇಳ್ತೀನಿ ಅಂಕಲ್" ಅಂದಳು. ಇನ್ನೂ ಹೇಳಿಲ್ಲ. ಕಾಯುತ್ತಿದ್ದೇನೆ.

ನಿಮ್ಮ ಊರಿನ ಕೂಟದಲ್ಲಿ ಪರದೆಯ ಹಿಂದೆ ಯಾರು ನಿಂತಿದ್ದಾರೆ? ಒಮ್ಮೆ ಹೋಗಿ ನೋಡಿ, ನಮಗೂ ಬರೆದು ತಿಳಿಸಿ.

ಸಿರಿಗನ್ನಡಂ ಗೆಲ್ಗೆ!

ಹೂಫ್‌ಡಾರ್ಪ್‌ನಿಂದ, ನಿಮ್ಮವ